ಫುಟ್‌ಬಾಲ್ ವಾರ್ಮ್‌ಅಪ್: ಆಟಗಾರರೂ ಗೋಲ್‌ಕೀಪರ್‌ಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಮ್‌ಅಪ್ ಮಾಡಿಯೇ ಮೈದಾನಕ್ಕಿಳಿದವರೂ ಮೊದಲ ಹತ್ತು ನಿಮಿಷದಲ್ಲಿ ತೊಡೆ ಹಿಡಿದುಕೊಂಡು ಕೂರುವುದುಂಟು. ಬಹಳ ಸಲ ಅದಕ್ಕೆ ಕಾರಣ ಹಿಂದುಮುಂದಾದ ಕ್ರಮ ಮತ್ತು ತಪ್ಪಿದ ಹೊತ್ತು. ಹಾಗಾಗಿ ಇಲ್ಲಿ ಯಾವ ಡ್ರಿಲ್ ಎಂಬುದರ ಜೊತೆಗೆ ಯಾವಾಗ, ಎಷ್ಟು, ಯಾವುದರ ನಂತರ ಎಂಬುದನ್ನೂ ಬಿಡಿಸಿ ಹೇಳಿದ್ದೇವೆ.

ಪಂದ್ಯಕ್ಕೆ ಎಷ್ಟು ಹೊತ್ತು ಮೊದಲು ಶುರು ಮಾಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ಪಂದ್ಯ 4 ಗಂಟೆಗೆ ಎಂದಾದರೆ 3:50ರ ಹೊತ್ತಿಗೆ ವಾರ್ಮ್‌ಅಪ್ ಮುಗಿದಿರಬೇಕು. ನೀರು ಕುಡಿಯಲು, ಜರ್ಸಿ ಬದಲಿಸಲು, ಕೋಚ್‌ನ ಕೊನೆಯ ಮಾತು ಕೇಳಲು ಹತ್ತು ನಿಮಿಷ ಸಾಕು. ಆಟಗಾರರಿಗೆ 25 ನಿಮಿಷ ಹಿಡಿದರೆ ಅವರು 3:25ಕ್ಕೆ ಇಳಿಯಬೇಕು, ಕೀಪರ್ ಅದಕ್ಕಿಂತ ಐದರಿಂದ ಹತ್ತು ನಿಮಿಷ ಮೊದಲು.

ಈ ಲೆಕ್ಕಕ್ಕೆ ಆಧಾರ ಸ್ನಾಯುವಿನ ಬಿಸಿ. ಓಡಲು ಶುರು ಮಾಡಿದ ಮೊದಲ ಮೂರರಿಂದ ಐದು ನಿಮಿಷದಲ್ಲಿ ಅದು ಬೇಗ ಏರುತ್ತದೆ, ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸುಮ್ಮನೆ ಕೂತರೆ ಕಾಲು ಗಂಟೆಯಲ್ಲಿ ಬಹುಪಾಲು ಇಳಿದುಹೋಗುತ್ತದೆ. ಅರ್ಧ ಗಂಟೆ ಮೊದಲೇ ಮುಗಿಸಿ ಬೆಂಚಿನ ಮೇಲೆ ಕೂತವರು ಮಾಡಿದ್ದೆಲ್ಲ ಹೆಚ್ಚುಕಡಿಮೆ ವ್ಯರ್ಥ.

ಮೈದಾನಕ್ಕೆ ಎರಡು ಸುತ್ತು ಓಡಿದರೆ ಸಾಲದೇ?

ಬೆವರು ಬರುತ್ತದೆ, ಅಷ್ಟೇ. ನೇರವಾಗಿ, ಒಂದೇ ವೇಗದಲ್ಲಿ ಓಡುವಾಗ ತೊಡೆಸಂದಿಗೂ ಪಾದದ ಕೀಲಿಗೂ ಪಕ್ಕಕ್ಕೆ ಹೊರಳುವ ಕೆಲಸವೇ ಇಲ್ಲ. ಪಂದ್ಯದಲ್ಲಿ ಮೊದಲ ಚೆಂಡು ಬಂದಾಗ ನೀವು ಪಕ್ಕಕ್ಕೆ ಜಿಗಿಯುತ್ತೀರಿ, ತಟ್ಟನೆ ನಿಲ್ಲುತ್ತೀರಿ, ತಿರುಗುತ್ತೀರಿ. ಮೈಗೆ ಅದರ ಅಭ್ಯಾಸ ಆಗಿರಬೇಕು. ಸುತ್ತು ಓಡುವ ಬದಲು 20 ಮೀಟರ್ ದೂರದಲ್ಲಿ ಎರಡು ಸಾಲು ಕೋನ್ ಇಟ್ಟು ಹೋಗಿ ಬನ್ನಿ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಮ್ಮುಖ, ಒಮ್ಮೆ ಪಕ್ಕದ ಹೆಜ್ಜೆ, ಒಮ್ಮೆ ಮಂಡಿ ಎತ್ತಿ, ಒಮ್ಮೆ ಹಿಮ್ಮಡಿ ಪೃಷ್ಠಕ್ಕೆ ತಾಗುವಂತೆ. ತಗಲುವ ಹೊತ್ತು ಅಷ್ಟೇ, ಸಿಗುವ ಲಾಭ ದುಪ್ಪಟ್ಟು.

ಹಾಗಾದರೆ ಸರಿಯಾದ ಕ್ರಮ ಯಾವುದು?

ತರಬೇತುದಾರರು ಇದನ್ನು ‘ರ‍್ಯಾಂಪ್’ ಎಂದು ಕರೆಯುತ್ತಾರೆ. ಮೊದಲು ಮೈ ಬಿಸಿ, ಆಮೇಲೆ ಬೇಕಾದ ಸ್ನಾಯುಗಳನ್ನು ಎಚ್ಚರಿಸಿ ಕೀಲುಗಳನ್ನು ಸಡಿಲಿಸುವುದು, ಕೊನೆಗೆ ಪಂದ್ಯದ ವೇಗ. ಹೆಸರು ಮರೆತರೂ ಚಿಂತೆಯಿಲ್ಲ, ಇಳಿಜಾರು ಹತ್ತಿದಂತೆ ವೇಗ ಮೆಲ್ಲಗೆ ಏರಬೇಕು ಎಂಬುದು ನೆನಪಿದ್ದರೆ ಆಯಿತು.

25 ನಿಮಿಷ ಕೈಯಲ್ಲಿದ್ದರೆ ಹೀಗೆ ಹಂಚಬಹುದು:

- 0–5: ಕೋನ್‌ಗಳ ನಡುವೆ ಹಗುರ ಓಟ. ಪಕ್ಕದವರೊಡನೆ ಮಾತಾಡಲು ಆಗುವಷ್ಟೇ ವೇಗ.
- 5–10: ಚಲಿಸುತ್ತಲೇ ಮಾಡುವ ಸ್ಟ್ರೆಚ್, ಬಸ್ಕಿ, ಒಂಟಿಕಾಲಿನ ಸಮತೋಲನ.
- 10–14: ಜೋಡಿಯಲ್ಲಿ ಪಾಸ್, ಮೊದಲ ಸ್ಪರ್ಶದ ಹಿಡಿತ. ಮೊದಲು 8 ಮೀಟರ್, ಆಮೇಲೆ 15.
- 14–19: ರೊಂಡೊ (ಸುತ್ತ ನಿಂತವರು ಒಳಗಿನವರಿಗೆ ಸಿಗದಂತೆ ಪಾಸ್ ಮಾಡುವ ಆಟ), ಅಥವಾ ಸಣ್ಣ ಚೌಕದಲ್ಲಿ ಚೆಂಡು ಕಾಯ್ದುಕೊಳ್ಳುವ ಆಟ.
- 19–23: ತಂತಮ್ಮ ಸ್ಥಾನದ ಕೆಲಸ. ಡಿಫೆಂಡರ್‌ಗೆ ಹೆಡರ್ ಮತ್ತು ಉದ್ದ ಪಾಸ್, ವಿಂಗರ್‌ಗೆ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು), ಮುಂಚೂಣಿಯವರಿಗೆ ಗುರಿಗೆ ಒದೆತ.
- 23–25: 10ರಿಂದ 20 ಮೀಟರ್‌ನ ಮೂರು ನಾಲ್ಕು ಸ್ಪ್ರಿಂಟ್, ಪ್ರತಿ ಓಟದ ನಡುವೆ 20–30 ಸೆಕೆಂಡ್ ಬಿಡುವು.

ಕೊನೆಯ ಸ್ಪ್ರಿಂಟ್‌ಗಳನ್ನೇ ಹೆಚ್ಚಿನ ತಂಡಗಳು ಬಿಟ್ಟುಬಿಡುತ್ತವೆ. ಹಾಗಾದಾಗ ಆ ದಿನದ ಮೊದಲ ಪೂರ್ಣ ವೇಗದ ಓಟ ಎದುರಾಳಿಯ ಬೆನ್ನಟ್ಟುವಾಗಲೇ ಆಗುತ್ತದೆ. ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿಯುವುದು ಬಹುಮಟ್ಟಿಗೆ ಅಂಥ ಪೂರ್ಣ ವೇಗದ ಓಟದಲ್ಲೇ.

ನಿಂತಲ್ಲೇ ಮಾಡುವ ಸ್ಟ್ರೆಚ್ ತಪ್ಪೇ?

ತಪ್ಪಲ್ಲ, ಜಾಗ ಬೇರೆ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ಜಿಗಿತಕ್ಕೂ ಸ್ಪ್ರಿಂಟ್‌ಗೂ ಅದು ಒಳ್ಳೆಯದಲ್ಲ. ಹತ್ತು ಹದಿನೈದು ಸೆಕೆಂಡ್ ಎಳೆದು ಆಮೇಲೆ ಓಡಿದರೆ ಅಷ್ಟೇನೂ ತೊಂದರೆಯಿಲ್ಲ. ಮೀನಖಂಡ ಬಿಗಿಯಾಗಿದೆ ಎನಿಸಿದರೆ ಆರಂಭದಲ್ಲಿ ಹಾಗೆ ಮಾಡಿಕೊಳ್ಳಿ. ಉದ್ದನೆಯ ಸ್ಟ್ರೆಚ್‌ಗಳು ಆಟ ಮುಗಿದ ಮೇಲೆ, ಅಥವಾ ಬೇರೆಯೇ ದಿನ.

ಚಲಿಸುತ್ತಾ ಮಾಡುವ ಸ್ಟ್ರೆಚ್‌ಗಳಲ್ಲಿ ಯಾವುದನ್ನು ಬಿಡಲೇಬಾರದು?

ನಾಲ್ಕು ಸಾಕು. ಒಂದು, ದಾಪುಗಾಲು: ಮುಂದಕ್ಕೆ ದೊಡ್ಡ ಹೆಜ್ಜೆ ಇಟ್ಟು ಹಿಂದಿನ ಮಂಡಿ ನೆಲದ ಹತ್ತಿರ ಬರುವಷ್ಟು ಇಳಿದು, ಎದೆಯನ್ನು ಮುಂದಿನ ಕಾಲಿನ ಕಡೆ ತಿರುಗಿಸಿ, ಕಾಲಿಗೆ ಐದು ಸಲ. ಎರಡು, ‘ಗೇಟು’: ಮಂಡಿ ಎತ್ತಿ ಹೊರಕ್ಕೆ ತೆರೆಯುವುದು, ಮುಂದಿನ ಹೆಜ್ಜೆಗೆ ಹೊರಗಿನಿಂದ ಒಳಕ್ಕೆ ಮುಚ್ಚುವುದು. ಮೂರು, ಕಾಲು ಬೀಸುವುದು: ಏನಾದರೂ ಆಸರೆ ಹಿಡಿದು ಮುಂದೆ ಹಿಂದೆ ಹತ್ತು, ಅಡ್ಡಕ್ಕೆ ಹತ್ತು. ನಾಲ್ಕು, ಪಕ್ಕದ ದಾಪುಗಾಲು: ಒಂದು ಕಾಲು ನೇರ, ಇನ್ನೊಂದು ಬಾಗಿ, ಭಾರ ಆ ಕಡೆ. ತೊಡೆಸಂದಿನ ಸ್ನಾಯುವನ್ನು ಇದರಷ್ಟು ಚೆನ್ನಾಗಿ ಸಿದ್ಧಗೊಳಿಸುವುದು ಬೇರೆ ಇಲ್ಲ.

ಕಾಲು ಬೀಸುವಾಗ ಎತ್ತರದ ಪೈಪೋಟಿಗೆ ಬೀಳಬೇಡಿ. ಸೊಂಟ ಬಾಗಿಸಿ ಕಾಲನ್ನು ತಲೆಯ ಮಟ್ಟಕ್ಕೆ ಎಸೆದರೆ ಹಿಗ್ಗುವುದು ಬೆನ್ನು, ತೊಡೆಯಲ್ಲ.

ರೊಂಡೊ ಎಷ್ಟು ಜನರದ್ದು, ಎಷ್ಟು ದೊಡ್ಡದು?

ಹೊರಗೆ ಐವರು, ಒಳಗೆ ಇಬ್ಬರು, 8ರಿಂದ 10 ಮೀಟರ್‌ನ ಚೌಕ. ಮೊದಲ ನಿಮಿಷ ಎರಡು ಸ್ಪರ್ಶ, ನಂತರ ಒಂದೇ ಸ್ಪರ್ಶ. ಒಳಗಿನವರನ್ನು 45 ಸೆಕೆಂಡಿಗೊಮ್ಮೆ ಬದಲಿಸಿ. ಚೆಂಡು ಕಳೆದವರು ಒಳಗೆ ಹೋಗಬೇಕು ಎಂಬ ನಿಯಮ ಅಭ್ಯಾಸದ ದಿನಕ್ಕೆ ಚಂದ, ಪಂದ್ಯದ ದಿನ ಬೇಡ. ಇಲ್ಲವಾದರೆ ಒಬ್ಬನೇ ದುರದೃಷ್ಟವಂತ ಮೂರು ನಿಮಿಷ ಏದುಸಿರು ಬಿಡುತ್ತಾನೆ, ಉಳಿದವರು ನಿಂತಲ್ಲೇ ನಗುತ್ತಾರೆ. ಕೀಪರ್‌ನನ್ನೂ ಹೊರಗಿನ ಸಾಲಿನಲ್ಲಿ ಎರಡು ನಿಮಿಷ ಸೇರಿಸಿಕೊಳ್ಳಿ. ಈಗಿನ ಆಟದಲ್ಲಿ ಹಿಂದಿನಿಂದ ಪಾಸ್ ಕಟ್ಟುವುದು ಅವನಿಂದಲೇ ತಾನೆ.

ಗೋಲ್‌ಕೀಪರ್‌ಗೆ ಬೇರೆ ವಾರ್ಮ್‌ಅಪ್ ಏಕೆ?

ಅವನ ಕೆಲಸವೇ ಬೇರೆ. ಆಟಗಾರ ಪಂದ್ಯದುದ್ದಕ್ಕೂ ಓಡುತ್ತಾ ಬಿಸಿ ಉಳಿಸಿಕೊಳ್ಳುತ್ತಾನೆ. ಕೀಪರ್ ಇಪ್ಪತ್ತು ನಿಮಿಷ ನಿಂತಿದ್ದು ಒಂದೇ ಕ್ಷಣದಲ್ಲಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲನ್ನು ಕಾಯಬೇಕು. ಬೆರಳು, ಮಣಿಕಟ್ಟು, ಭುಜ, ಸೊಂಟದ ಪಕ್ಕ ಇವೆಲ್ಲ ನೆಲಕ್ಕೂ ಚೆಂಡಿಗೂ ಒಗ್ಗಿರಬೇಕು. ಅದಕ್ಕಿಂತ ಮುಖ್ಯವಾಗಿ ಕಣ್ಣು ಒಗ್ಗಬೇಕು. ಆ ದಿನದ ಬೆಳಕು, ಗಾಳಿ, ಚೆಂಡು ಪುಟಿಯುವ ಪರಿ ಎಲ್ಲವೂ ಅವನಿಗೆ ಹೊಸದು.

ಕೀಪರ್‌ನ ವಾರ್ಮ್‌ಅಪ್ ಹಂತ ಹಂತವಾಗಿ ಹೇಗೆ?

ಸುಮಾರು 30 ನಿಮಿಷದ ಕೆಲಸ. ಕಾಲು, ಕೈ, ಬೀಳುವುದು, ಹಾರುವುದು, ಕ್ರಾಸ್, ಚೆಂಡು ಹಂಚುವುದು: ಈ ಸರಣಿ ಕದಲಿಸದಿದ್ದರೆ ಒಳಗಿನ ಡ್ರಿಲ್‌ಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

*ಕಾಲು, 5 ನಿಮಿಷ.* ಹಗುರ ಓಟ, ಪಕ್ಕದ ಹೆಜ್ಜೆ, ಕಾಲು ದಾಟಿಸಿ ಹಾಕುವ ಹೆಜ್ಜೆ. ನಂತರ ಗೋಲಿನ ಮುಂದೆ ಒಂದು ಕಂಬದಿಂದ ಇನ್ನೊಂದಕ್ಕೆ ಕಮಾನಿನ ದಾರಿಯಲ್ಲಿ ಸಣ್ಣ ಹೆಜ್ಜೆ. ಕೋಚ್ ಚಪ್ಪಾಳೆ ತಟ್ಟಿದೊಡನೆ ನಿಂತು ಸಿದ್ಧ ಭಂಗಿ: ಪಾದಗಳು ಭುಜದಷ್ಟು ಅಗಲ, ಮಂಡಿ ಸ್ವಲ್ಪ ಬಾಗಿ, ಭಾರ ಪಾದದ ಮುಂಭಾಗದ ಮೇಲೆ, ಕೈ ಸೊಂಟದ ಮಟ್ಟದಲ್ಲಿ ಮುಂದಕ್ಕೆ. ಎದುರಾಳಿ ಒದೆಯುವ ಕ್ಷಣದಲ್ಲಿ ಕಾಲು ಇನ್ನೂ ಚಲಿಸುತ್ತಿದ್ದರೆ ಎಷ್ಟೇ ಚುರುಕಾದ ಕೀಪರ್ ಕೂಡ ತಡವಾಗಿಯೇ ಹಾರುತ್ತಾನೆ. ಈ ಐದು ನಿಮಿಷದ ತಿರುಳೇ ಅದು.

*ಕೈ, 5 ನಿಮಿಷ.* ಐದಾರು ಮೀಟರ್ ದೂರದಿಂದ ಕೋಚ್ ಮೊದಲು ಕೈಯಿಂದ ಎಸೆಯಲಿ. ನೆಲದ ಚೆಂಡು ಹತ್ತು, ಹೊಟ್ಟೆಯ ಮಟ್ಟಕ್ಕೆ ಹತ್ತು, ಮುಖದ ಮಟ್ಟಕ್ಕೆ ಹತ್ತು. ಎದೆಗಿಂತ ಮೇಲಿನದಕ್ಕೆ ಎರಡೂ ಹೆಬ್ಬೆರಳು ಹತ್ತಿರ ಬಂದು ಅಂಗೈಗಳು ಚೆಂಡಿನ ಹಿಂದೆ ಹರಡಿರಬೇಕು, ಬೆರಳು ಮೇಲ್ಮುಖ. ಹೊಟ್ಟೆಯ ಮಟ್ಟದ್ದನ್ನು ಬೊಗಸೆಯಲ್ಲಿ ಬರಮಾಡಿಕೊಂಡು ಎದೆಗೆ ಅವಚಿಕೊಳ್ಳಬೇಕು. ನೆಲದ ಚೆಂಡಿಗೆ ಕಿರುಬೆರಳುಗಳು ಹತ್ತಿರ, ಒಂದು ಕಾಲು ಹಿಂದೆ ಅಡ್ಡ. ಕೈ ತಪ್ಪಿದರೂ ಕಾಲು ತಡೆಯುತ್ತದೆ. ಮೂರೂ ಸಲೀಸಾದ ಮೇಲೆ 8 ಮೀಟರ್‌ನಿಂದ ಒದ್ದು ಕೊಡಿ.

ಚೆಂಡು ಕೈಯಿಂದ ಚಿಮ್ಮುತ್ತಿದ್ದರೆ ಮೊದಲು ಗ್ಲೌಸ್ ನೋಡಿ. ಅಂಗೈಯ ಲ್ಯಾಟೆಕ್ಸ್ ಒಣಗಿ ಧೂಳು ಹಿಡಿದಿದ್ದರೆ ಹಿಡಿತ ಹೋಗುತ್ತದೆ. ಸ್ವಲ್ಪ ನೀರು ಹಾಕಿ ಅಂಗೈ ಉಜ್ಜಿದರೆ ಮರಳುತ್ತದೆ. ಗ್ಲೌಸ್ ಚೆನ್ನಾಗಿದ್ದೂ ಚಿಮ್ಮಿದರೆ ಕೈ ತೀರಾ ಬಿಗಿಯಾಗಿದೆ ಎಂದರ್ಥ. ಮೊಣಕೈ ಸ್ವಲ್ಪ ಬಾಗಿ ಚೆಂಡಿನ ರಭಸವನ್ನು ನುಂಗಬೇಕು.

*ಬೀಳುವುದು, 4 ನಿಮಿಷ.* ಮೊದಲು ಕೂತಲ್ಲಿಂದ, ಆಮೇಲೆ ಮಂಡಿಯೂರಿ, ಕೊನೆಗೆ ನಿಂತು. ಪ್ರತಿ ಹಂತಕ್ಕೂ ಎಡಬಲ ನಾಲ್ಕು ನಾಲ್ಕು. ನಿಂತು ಬೀಳುವಾಗ ನೆಲ ಮುಟ್ಟುವ ಸರದಿ ಇದು: ಕಾಲಿನ ಹೊರಬದಿ, ತೊಡೆ, ಸೊಂಟದ ಪಕ್ಕ, ಮೈಯ ಮಗ್ಗುಲು, ಭುಜ. ಹೊಟ್ಟೆಯ ಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ, ಮೊಣಕೈಯೂರಿ ಬಿದ್ದರೆ ಭುಜಕ್ಕೆ ಪೆಟ್ಟು. ಕೆಳಗಿನ ಕೈ ಚೆಂಡಿನ ಹಿಂದೆ, ಮೇಲಿನ ಕೈ ಚೆಂಡಿನ ಮೇಲೆ, ನೆಲವೇ ಮೂರನೆಯ ಕೈ.

*ಹಾರುವುದು, 5 ನಿಮಿಷ.* ಬದಿಗೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಚೆಂಡಿನ ಕಡೆಯ ಕಾಲನ್ನು ಓರೆಯಾಗಿ ಮುಂದಕ್ಕೆ ಇಟ್ಟು ಆ ಕಾಲಿನಿಂದಲೇ ಚಿಮ್ಮಬೇಕು. ನೇರ ಪಕ್ಕಕ್ಕೆ ಅಥವಾ ಹಿಂದಕ್ಕೆ ಹಾರಿದರೆ ಚೆಂಡು ಮುಟ್ಟಿಯೂ ಗೋಲಿನೊಳಗೆ ಜಾರುತ್ತದೆ. ಎರಡು ಡೈವ್‌ಗಳ ನಡುವೆ ಕನಿಷ್ಠ 15 ಸೆಕೆಂಡ್ ಬಿಡಿ. ಎದ್ದ ಕೂಡಲೇ ಇನ್ನೊಂದು, ಮತ್ತೊಂದು ಎಂದು ಸತಾಯಿಸುವುದು ವಾರದ ನಡುವಿನ ಅಭ್ಯಾಸಕ್ಕೆ ಇರಲಿ.

*ಕ್ರಾಸ್, 5 ನಿಮಿಷ.* ಎರಡೂ ಬದಿಯಿಂದ ನಾಲ್ಕೈದು. ಮೊದಲೆರಡು ಎದುರಾಳಿ ಇಲ್ಲದೆ, ಉಳಿದವು ಒಬ್ಬರು ಮುಂದೆ ಅಡ್ಡ ನಿಂತು. ಎದುರಾಳಿಯ ಕಡೆಯ ಮಂಡಿ ಎತ್ತಿ, ಚೆಂಡನ್ನು ಅತಿ ಎತ್ತರದಲ್ಲಿ ಮುಖದ ಮುಂದೆ ಹಿಡಿಯಬೇಕು. ‘ಕೀಪರ್!’ ಎಂದು ಕೂಗುವುದನ್ನೂ ಇಲ್ಲೇ ಅಭ್ಯಾಸ ಮಾಡಿ. ವಾರ್ಮ್‌ಅಪ್‌ನಲ್ಲಿ ಮೌನವಾಗಿದ್ದವನು ಪಂದ್ಯದ ಮೊದಲ ಕಾರ್ನರ್‌ನಲ್ಲೂ ಮೌನವಾಗಿಯೇ ಇರುತ್ತಾನೆ.

*ಹಂಚುವುದು, 5 ನಿಮಿಷ.* ಮೊದಲು 15 ಮೀಟರ್ ಪಾಸ್, ನಂತರ 30, ಕೊನೆಗೆ ಪೂರ್ಣ ಉದ್ದದ ಗೋಲ್ ಕಿಕ್ ಮೂರ್ನಾಲ್ಕು. ನೇರವಾಗಿ ಉದ್ದ ಒದೆತಕ್ಕೆ ಹೋದರೆ ತೊಡೆಯ ಮುಂಭಾಗದ ಸ್ನಾಯುವೋ ತೊಡೆಸಂದೋ ಹಿಡಿದುಕೊಳ್ಳುತ್ತದೆ. 2025–26ರ ಋತುವಿನಿಂದ ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಹಿಡಿ, ಏಳು, ನೋಡು, ಬಿಡು ಎಂಬುದನ್ನು ಆರು ಸೆಕೆಂಡಿನಲ್ಲಿ ಮುಗಿಸುವ ರೂಢಿ ಇಲ್ಲಿಯೇ ಬರಲಿ.

ಇಡೀ ತಂಡ ಗೋಲಿಗೆ ಒದೆಯುತ್ತದಲ್ಲ, ಕೀಪರ್‌ಗೆ ಅದೇ ವಾರ್ಮ್‌ಅಪ್ ಆಗುವುದಿಲ್ಲವೇ?

ಆಗುವುದಿಲ್ಲ. ಬಹುತೇಕ ಮೈದಾನಗಳಲ್ಲಿ ಕಾಣುವ ಅತಿ ದೊಡ್ಡ ತಪ್ಪು ಇದೇ. ಹತ್ತು ಜನ ಸಾಲುಗಟ್ಟಿ ನಿಂತು ಪೆನಾಲ್ಟಿ ಪ್ರದೇಶದ ಅಂಚಿನಿಂದ, ಅಂದರೆ 16.5 ಮೀಟರ್‌ನಿಂದ, ಒಬ್ಬರ ಹಿಂದೊಬ್ಬರು ಬಲವಾಗಿ ಒದೆಯುತ್ತಾರೆ. ಕೀಪರ್ ಒಂದನ್ನು ಹಿಡಿದು ಏಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಮೂಲೆಗೆ ಹೋದ ಏಳೆಂಟು ಚೆಂಡು ಬಲೆ ಸೇರುತ್ತವೆ. ಒದೆದವರಿಗೆ ಹುಮ್ಮಸ್ಸು, ಕೀಪರ್‌ಗೆ ಪಂದ್ಯಕ್ಕೆ ಮೊದಲೇ ಎಂಟು ಗೋಲು ತಿಂದ ಮನಸ್ಸು. ಸಾಲದ್ದಕ್ಕೆ ಎರಡು ಚೆಂಡು ಒಟ್ಟಿಗೆ ಬಂದು, ನೋಡದ ಕಡೆಯಿಂದ ಮುಖಕ್ಕೋ ಬೆರಳಿಗೋ ಬಡಿಯುವ ಅಪಾಯ ಬೇರೆ.

ಒದೆತ ಬೇಕೆಂದರೆ ಕೀಪರ್ ಮೇಲಿನ ಹಂತಗಳನ್ನು ಮುಗಿಸಿದ ಮೇಲೆ, ಮೂರು ನಿಮಿಷ ಮಾತ್ರ. ಒಂದು ಚೆಂಡು ಸತ್ತ ಮೇಲೆಯೇ ಇನ್ನೊಂದು. ಮೊದಲ ಐದಾರು ಒದೆತ ಕೈಗೆಟುಕುವ ದೂರದಲ್ಲಿ ಬರಲಿ. ಎರಡನೆಯ ಕೀಪರ್ ಇದ್ದರೆ ಶೂಟಿಂಗ್‌ಗೆ ಅವನನ್ನು ನಿಲ್ಲಿಸಿ. ಅವನೂ ಮೈ ಬಿಸಿ ಮಾಡಿಕೊಂಡಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ನಮ್ಮಲ್ಲಿ ಗೋಲ್‌ಕೀಪರ್ ಕೋಚ್ ಇಲ್ಲ. ಯಾರು ಮಾಡಿಸಬೇಕು?

ಮೀಸಲು ಕೀಪರ್, ಇಲ್ಲವೇ ಚೆಂಡನ್ನು ಹೇಳಿದ ಜಾಗಕ್ಕೆ ಕೊಡಬಲ್ಲ ಯಾವುದೇ ಆಟಗಾರ. ಬಲಕ್ಕಿಂತ ನಿಖರತೆ ಮುಖ್ಯ. ಕೊಡುವವನಿಗೆ ಒಂದೇ ಸೂಚನೆ: ‘ನನ್ನನ್ನು ಸೋಲಿಸಬೇಡ, ನನ್ನ ಕೈಗೆ ಕೆಲಸ ಕೊಡು.’ ಯಾರೂ ಇಲ್ಲದಿದ್ದರೆ ಗೋಡೆ ಇದೆ. ಐದು ಮೀಟರ್ ದೂರದಿಂದ ಗೋಡೆಗೆ ಎಸೆದು ಹಿಡಿಯುವುದು, ಚೆಂಡನ್ನು ನೆಲಕ್ಕೆ ಬಡಿದು ಪುಟಿದಾಗ ಜಿಗಿದು ಹಿಡಿಯುವುದು, ಕುಳಿತು ಮಗ್ಗುಲಿಗೆ ಉರುಳುವುದು. ಇಷ್ಟರಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

‘11+’ ಎಂದರೇನು? ಅದನ್ನೇ ಮಾಡಿದರೆ ಸಾಕೇ?

ಗಾಯ ತಡೆಯಲೆಂದು ಫಿಫಾದ ವೈದ್ಯಕೀಯ ವಿಭಾಗ ಪರಿಣತರೊಡನೆ ರೂಪಿಸಿದ ವಾರ್ಮ್‌ಅಪ್ ಅದು. ಮೂರು ಭಾಗ, ಒಟ್ಟು 15 ವ್ಯಾಯಾಮ, ರೂಢಿಯಾದ ಮೇಲೆ ಸುಮಾರು 20 ನಿಮಿಷ. ಮೊದಲ ಭಾಗ 8 ನಿಮಿಷದ ಓಟ: ಐದಾರು ಮೀಟರ್ ಅಂತರದಲ್ಲಿ ಆರು ಜೋಡಿ ಕೋನ್ ಇಟ್ಟು ನೇರ ಓಟ, ಸೊಂಟದ ಕೀಲು ತೆರೆಯುವುದು ಮುಚ್ಚುವುದು, ಜೊತೆಗಾರನ ಸುತ್ತ ಸುತ್ತುವುದು, ಭುಜಕ್ಕೆ ಭುಜ ತಾಗಿಸಿ ಜಿಗಿಯುವುದು. ಎರಡನೆಯದು 10 ನಿಮಿಷದ ಬಲ, ಜಿಗಿತ, ಸಮತೋಲನ. ಇದರಲ್ಲಿ ಮೂರು ಮಟ್ಟಗಳಿವೆ. ಮೂರನೆಯದು 2 ನಿಮಿಷದ ವೇಗದ ಓಟ, ದಿಕ್ಕು ಬದಲಾವಣೆ.

ಅಭ್ಯಾಸದ ದಿನ ಪೂರ್ತಿ ಮಾಡಿ, ವಾರಕ್ಕೆ ಕನಿಷ್ಠ ಎರಡು ಸಲ. ಪಂದ್ಯದ ದಿನ ಒಂದನೆಯ ಮತ್ತು ಮೂರನೆಯ ಭಾಗ ಮಾತ್ರ, ಆಮೇಲೆ ಚೆಂಡಿನ ಕೆಲಸ. ಎರಡನೆಯ ಭಾಗದ ಫಲ ವಾರಗಟ್ಟಲೆ ನಡೆಸಿದ ಮೇಲೆ ಬರುವಂಥದ್ದು. ವರ್ಷದಲ್ಲಿ ನಾಲ್ಕು ಸಲ ಮಾಡಿ ‘ಪ್ರಯೋಜನವಾಗಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಕೀಪರ್‌ಗಳ ಭುಜಕ್ಕೆಂದು ‘11+ ಎಸ್’ ಎಂಬ ಇನ್ನೊಂದು ಆವೃತ್ತಿಯೂ ಇದೆ.

ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಪಂದ್ಯದ ಮೊದಲು ಮಾಡಬಹುದೇ?

ಬೇಡ. ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿದಾಗ ಮೈಯನ್ನು ಮಂಡಿಯಿಂದ ತಲೆಯವರೆಗೆ ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ಈ ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ ಗಾಯ ತಡೆಯುವುದರಲ್ಲಿ ಬಹಳ ಒಳ್ಳೆಯದು. ಆದರೆ ಸ್ನಾಯುವನ್ನು ದಣಿಸುತ್ತದೆ, ಹೊಸಬರಿಗೆ ಎರಡು ದಿನ ನೋವೂ ಇರುತ್ತದೆ. ಪಂದ್ಯದಿಂದ ದೂರದ ದಿನ, 3–5 ಸಲದಿಂದ ಶುರು ಮಾಡಿ; ವಾರಗಳು ಕಳೆದಂತೆ 7–10, ಆಮೇಲೆ 12–15. ಸೊಂಟ ಮಡಚಿಕೊಂಡರೆ ಭಾರ ಬೇರೆಡೆ ಹೋಗಿ ಉಪಯೋಗವೇ ಇಲ್ಲ.

ಜಿಗಿದು ಇಳಿಯುವಾಗ ಏನನ್ನು ಗಮನಿಸಬೇಕು?

ಮುಂದಿನಿಂದ ನೋಡಿದಾಗ ಸೊಂಟ, ಮಂಡಿ, ಪಾದ ಒಂದೇ ಗೆರೆಯಲ್ಲಿರಬೇಕು. ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಅಲ್ಲೇ ನಿಲ್ಲಿಸಿ ತಿದ್ದಿ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಬಹಳ ಸಲ ಇಂಥದ್ದೇ ಭಂಗಿಯಲ್ಲಿ, ಎದುರಾಳಿ ತಾಗದೆಯೇ. ಹುಡುಗಿಯರಲ್ಲಿ ಈ ಗಾಯದ ಸಾಧ್ಯತೆ ಹುಡುಗರಿಗಿಂತ ಹೆಚ್ಚು, ಹಾಗಾಗಿ ಅವರ ತಂಡಗಳಲ್ಲಿ ಇಳಿಯುವ ಅಭ್ಯಾಸಕ್ಕೆ ದಿನಾ ಎರಡು ನಿಮಿಷ ಎತ್ತಿಡಿ. ಇಳಿದಾಗ ಸದ್ದು ಕಡಿಮೆ ಬರಬೇಕು. ‘ಬೆಕ್ಕಿನ ಹಾಗೆ ಇಳಿ’ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ.

ಚಿಕ್ಕ ಮಕ್ಕಳಿಗೂ ಇಷ್ಟೆಲ್ಲ ಬೇಕೇ?

ಇಲ್ಲ. ಹತ್ತು ಹನ್ನೆರಡು ನಿಮಿಷ ಸಾಕು, ಅದೂ ಆಟದ ರೂಪದಲ್ಲಿ. ಮುಟ್ಟಾಟ, ಚೆಂಡು ಒಯ್ಯುತ್ತಾ ಕೂಗಿದ ಬಣ್ಣದ ಕೋನ್‌ಗೆ ಓಡುವುದು, ಒಂಟಿಕಾಲಲ್ಲಿ ನಿಂತು ಚೆಂಡು ಎಸೆದು ಹಿಡಿಯುವುದು. ಏಳರಿಂದ ಹದಿಮೂರರ ವಯಸ್ಸಿನವರಿಗೆ ‘11+ ಕಿಡ್ಸ್’ ಇದೆ. ಏಳು ವ್ಯಾಯಾಮಗಳಲ್ಲಿ ಪೆಟ್ಟಾಗದಂತೆ ಉರುಳಿ ಬೀಳುವುದೂ ಒಂದು. ಎಲ್ಲ ಮಕ್ಕಳಿಗೂ ಅದನ್ನು ಕಲಿಸಿ, ಮುಂದೆ ಕೀಪರ್ ಆಗುವವರು ಯಾರೆಂದು ಈಗಲೇ ಗೊತ್ತಾಗುವುದಿಲ್ಲವಲ್ಲ. ಸಾಲಿನಲ್ಲಿ ನಿಂತು ಸರದಿ ಕಾಯುವ ಡ್ರಿಲ್ ಇದ್ದರೆ ಸಾಲಿಗೆ ನಾಲ್ವರಿಗಿಂತ ಹೆಚ್ಚು ಬೇಡ. ಕಾಯುವ ಮಗು ತಣ್ಣಗಾಗುತ್ತದೆ, ಇಲ್ಲವೇ ಪಕ್ಕದವನನ್ನು ತಳ್ಳುತ್ತದೆ.

ವಿರಾಮದ ನಂತರ, ಬದಲಿ ಆಟಗಾರನಾಗಿ ಇಳಿಯುವ ಮೊದಲು ಏನು ಮಾಡಬೇಕು?

ವಿರಾಮ ಹೆಚ್ಚೆಂದರೆ 15 ನಿಮಿಷ, ಮೈ ಆರಲು ಅಷ್ಟು ಸಾಕು. ಕೊನೆಯ ಮೂರರಿಂದ ಐದು ನಿಮಿಷ ಹೊರಬಂದು ಹಗುರ ಓಟ, ಎರಡು ಬಗೆಯ ದಾಪುಗಾಲು, ಎರಡು ಸಣ್ಣ ಸ್ಪ್ರಿಂಟ್. ಕೀಪರ್‌ಗೆ ಹತ್ತು ಚೆಂಡು ಕೈಗೆ, ಬದಿಗೊಂದು ಡೈವ್.

ಬೆಂಚಿನಲ್ಲಿರುವವರು ಮೊದಲಾರ್ಧದಲ್ಲೂ 15–20 ನಿಮಿಷಕ್ಕೊಮ್ಮೆ ಎದ್ದು ಐದು ನಿಮಿಷ ಓಡಾಡಲಿ. ಇಳಿಯುವ ಸೂಚನೆ ಸಿಕ್ಕಾಗ ಮೂರು ಸ್ಪ್ರಿಂಟ್ ಮುಗಿಸಿಯೇ ಮೇಲಂಗಿ ತೆಗೆಯಿರಿ. ಮೀಸಲು ಕೀಪರ್ ಅಪರೂಪಕ್ಕೆ ಇಳಿಯುತ್ತಾನೆ. ಇಳಿಯುವಾಗ ಮಾತ್ರ ಹೆಚ್ಚಾಗಿ ಯಾವ ಮುನ್ಸೂಚನೆಯೂ ಇರುವುದಿಲ್ಲ. ಅವನ ಗ್ಲೌಸ್ ಬ್ಯಾಗಿನಲ್ಲಲ್ಲ, ಪಕ್ಕದಲ್ಲೇ ಇರಬೇಕು.

ಸೆಕೆ, ಚಳಿ, ಒದ್ದೆ ಮೈದಾನ ಇದ್ದಾಗ?

ಸೆಕೆಯಲ್ಲಿ ಮೊದಲ ಓಟವನ್ನು ಎರಡು ನಿಮಿಷ ಕತ್ತರಿಸಿ, ನೆರಳಿನಲ್ಲಿ ಸ್ಟ್ರೆಚ್ ಮಾಡಿ, ನಡುವೆ ನೀರು. ವೇಗದ ಭಾಗವನ್ನು ಬಿಡಬೇಡಿ. ಚಳಿಯಲ್ಲಿ ಐದು ನಿಮಿಷ ಹೆಚ್ಚು, ಪಂದ್ಯ ಶುರುವಾಗುವವರೆಗೂ ಮೇಲಂಗಿ ಮತ್ತು ಪ್ಯಾಂಟು. ನೆಲ ಒದ್ದೆಯಾಗಿದ್ದರೆ ಚೆಂಡು ನೆಲ ತಾಗಿ ಜಾರಿ ವೇಗ ಪಡೆಯುತ್ತದೆ; ಕೀಪರ್ ತನ್ನ ಮುಂದೆ ಒಂದು ಮೀಟರ್‌ನಲ್ಲಿ ಪುಟಿಯುವ ಒದೆತಗಳನ್ನು ಹತ್ತಾದರೂ ಎದುರಿಸಿರಬೇಕು. ಪಂದ್ಯಕ್ಕೆ ಹಾಕುವ ಸ್ಟಡ್ ಬೂಟುಗಳಲ್ಲೇ ವಾರ್ಮ್‌ಅಪ್ ಮಾಡಿ.

ತಡವಾಗಿ ಬಂದೆವು, ಹತ್ತೇ ನಿಮಿಷ ಇದೆ. ಏನು ಬಿಡಬೇಕು?

ರೊಂಡೊ, ಶೂಟಿಂಗ್ ಬಿಡಿ. ಮೂರು ನಿಮಿಷ ಓಟ, ಮೂರು ನಿಮಿಷ ದಾಪುಗಾಲು ಮತ್ತು ಕಾಲು ಬೀಸುವುದು, ಎರಡು ನಿಮಿಷ ಜೋಡಿ ಪಾಸ್, ಎರಡು ನಿಮಿಷ ವೇಗ ಏರಿಸುವ ಓಟ. ಕೀಪರ್ ಓಟವನ್ನು ಎರಡು ನಿಮಿಷಕ್ಕೆ ಇಳಿಸಿ ಕೈಗೆ ನಾಲ್ಕು, ಬೀಳಲು ಎರಡು, ಒದೆಯಲು ಎರಡು ನಿಮಿಷ ಕೊಡಲಿ. ಕ್ರಾಸ್ ಹಿಡಿಯದೆ ಇಳಿದಿರುವುದರಿಂದ ಮೊದಲ ಕೆಲವು ಕ್ರಾಸ್‌ಗಳಲ್ಲಿ ಅನುಮಾನ ಬಂದರೆ ಹಿಡಿಯಲು ಹೋಗದೆ ಗುದ್ದಿ ದೂರ ಕಳಿಸುವುದು ಕ್ಷೇಮ.

ಸಾಕಷ್ಟು ಆಯಿತೆಂದು ಹೇಗೆ ತಿಳಿಯುವುದು?

ಹಣೆಯಲ್ಲಿ ಬೆವರು, ಉಸಿರು ಚುರುಕಾದರೂ ಅರ್ಧ ನಿಮಿಷದಲ್ಲಿ ಹದಕ್ಕೆ ಬರುವಂತಿರಬೇಕು, ಕೊನೆಯ ಸ್ಪ್ರಿಂಟ್ ಮೊದಲನೆಯದಕ್ಕಿಂತ ಸಲೀಸು ಎನಿಸಬೇಕು. ಕೊನೆಯದು ಭಾರ ಎನಿಸಿದರೆ ಹೆಚ್ಚಾಯಿತು. ಎಲ್ಲೋ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವಿದ್ದು, ಓಡಿದಷ್ಟೂ ಜಾಸ್ತಿಯಾಗುತ್ತಿದ್ದರೆ ಅದು ಬಿಗಿತವಲ್ಲ. ಬಿಗಿತ ಓಡಿದಂತೆ ಸಡಿಲವಾಗುತ್ತದೆ. ಅಂಥ ನೋವಿದ್ದಾಗ ಕೋಚ್‌ಗೆ ಆಗಲೇ ಹೇಳಿ, ತಂಡದ ಪಟ್ಟಿ ರೆಫರಿಯ ಕೈ ಸೇರುವ ಮೊದಲು.